ಪ್ಲಾಸ್ಟಿಕ್ ಪ್ರೆಷರ್ ಪೈಪಿನ ಮೇಲೆ ಎಷ್ಟು ಆಳದ ಗೀರು ನಡೆಯುತ್ತದೆ: ಮಿತಿ ಗೊತ್ತುಪಡಿಸುವ ಕ್ರಮ

ಪುಣೆಯ ಸುತ್ತಮುತ್ತ ಪೈಪ್ ಹಾಕುವ ಕೆಲಸಕ್ಕೆ ಬರುವ ತಂಡಗಳಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯ ನಮ್ಮವರು ಬಹಳ. ಕೆಲವು ವರ್ಷಗಳ ಹಿಂದೆ ಚಾಕಣದ ಹತ್ತಿರ ನಡೆದಿದ್ದ ಒಂದು ಕೆಲಸದಲ್ಲಿ ಅಂಥ ತಂಡವೊಂದರ ಮುಕಾದಮರು, ಟ್ರೆಂಚಿನ ಅಂಚಿನಲ್ಲಿದ್ದ 110 ಮಿ.ಮೀ. ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್ ಪ್ಲಾಸ್ಟಿಕ್) ಪೈಪಿನ ಮೇಲೆ ಬೆರಳಾಡಿಸಿ, “ಸಾಹೇಬ್ರ, ಇಷ್ಟು ಗೀರಿದ್ರ ನಡೀತದೇನ್ರಿ?” ಎಂದು ಕೇಳಿದರು. “ಹತ್ತು ಪರ್ಸೆಂಟ್ ತನಕ ನಡೀತದ” ಎಂದೆ. “ಯಾತರ ಹತ್ತು ಪರ್ಸೆಂಟ್ರಿ?” ಎಂದು ಅವರು ಮತ್ತೆ ಕೇಳಿದಾಗ ಮಿಲಿಮೀಟರಿನಲ್ಲಿ ಹೇಳಬಹುದಾದ ಉತ್ತರ ನನ್ನಲ್ಲಿರಲಿಲ್ಲ. ಆ ಗೀರಿನ ಆಳವನ್ನು ಅಳೆಯುವ ಸಾಧನವೂ ಆ ಸೈಟಿನಲ್ಲಿರಲಿಲ್ಲ. ಶೇಕಡಾವಾರು ನಿಯಮವೊಂದು ಎಲ್ಲರ ಬಾಯಲ್ಲಿದ್ದೂ ಯಾರ ಕೈಗೂ ಎಟುಕದಿದ್ದರೆ ಅದನ್ನು ಮಿತಿ ಎನ್ನಲಾಗದು. ಮೊದಲ ಲಾರಿ ಬರುವ ಮುನ್ನವೇ ಅಂಥ ಮಿತಿಯನ್ನು ಲೆಕ್ಕ ಹಾಕಿ, ಮಿಲಿಮೀಟರಿನಲ್ಲಿ ಬರೆದು, ಅಳೆಯಲು ಬರುವಂತೆ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಗೀರಿನಿಂದ ಆಗುವ ನಿಜವಾದ ಕೇಡು

ಗೀರು ಬಿದ್ದಲ್ಲಿ ಗೋಡೆ ತೆಳುವಾಗಿ ಪೈಪು ಒಡೆಯುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಪೂರ್ತಿ ಸರಿಯಲ್ಲ. ಎಸ್‌ಡಿಆರ್ 17ರ, ಅಂದರೆ ಹೊರವ್ಯಾಸವು ಗೋಡೆಯ ದಪ್ಪದ 17 ಪಟ್ಟಿರುವ, 110 ಮಿ.ಮೀ. ಪೈಪನ್ನು ತೆಗೆದುಕೊಳ್ಳೋಣ. ಅದರ ಗೋಡೆಯ ಕನಿಷ್ಠ ದಪ್ಪ 6.6 ಮಿ.ಮೀ. ಒಳಗೆ 8 ಬಾರ್ ಒತ್ತಡವಿದ್ದಾಗ ಗೋಡೆಯಲ್ಲಿ ಸುತ್ತಳತೆಯ ದಿಕ್ಕಿನ ಬಿಗಿತ ಸುಮಾರು 6.3 ಮೆಗಾಪಾಸ್ಕಲ್ ಆಗುತ್ತದೆ. ಹೊರಗಿನಿಂದ ಸುತ್ತಲೂ ಶೇ. 10ರಷ್ಟು ದಪ್ಪವನ್ನು ಹೆರೆದು ತೆಗೆದರೂ ಅದು 6.9ಕ್ಕೆ ಏರುತ್ತದೆ, ಅಷ್ಟೆ. ಪಿಇ 100 ಎಂಬ ಪಾಲಿಎಥಿಲೀನ್ ದರ್ಜೆಯ ಹೆಸರೇ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 50 ವರ್ಷಕ್ಕೆ 10 ಮೆಗಾಪಾಸ್ಕಲ್ ಕನಿಷ್ಠ ಬಲವನ್ನು ಸೂಚಿಸುವುದರಿಂದ, ಬರಿಯ ತೆಳುವಾಗುವಿಕೆ ಇಲ್ಲಿ ತಕ್ಷಣದ ಅಪಾಯವಲ್ಲ.

ಅಪಾಯವಿರುವುದು ಗೀರಿನ ತುದಿಯಲ್ಲಿ. ಮೊನಚಾದ ಕಚ್ಚಿನ ಬುಡದಲ್ಲಿ ಬಿಗಿತವು ಒಂದೇ ಕಡೆ ಕೂಡಿಕೊಳ್ಳುತ್ತದೆ. ಪಾಲಿಎಥಿಲೀನಿನಲ್ಲಿ ಅಲ್ಲಿ ಸೂಕ್ಷ್ಮ ಎಳೆಗಳು ಹುಟ್ಟಿ, ಅವು ಒಂದೊಂದಾಗಿ ಹರಿಯುತ್ತ, ತಿಂಗಳು ವರ್ಷಗಳ ಅವಧಿಯಲ್ಲಿ ಬಿರುಕು ಒಳಮುಖವಾಗಿ ನಿಧಾನವಾಗಿ ಸಾಗುತ್ತದೆ. ಇದನ್ನು ನಿಧಾನ ಬಿರುಕು ಬೆಳವಣಿಗೆ ಎನ್ನುತ್ತಾರೆ. ಕೆಲಸ ಮುಗಿದ ದಿನ ಲೈನಿಗೆ ನೀರು ತುಂಬಿ ಒತ್ತಡ ಕೊಟ್ಟು ನೋಡುವ ಹೈಡ್ರೋ ಟೆಸ್ಟಿನಲ್ಲಿ ಇದು ಕಾಣಿಸುವುದೇ ಇಲ್ಲ. ಟೆಸ್ಟ್ ಪಾಸಾಯಿತೆಂಬ ಕಾರಣಕ್ಕೆ ಆಳವಾದ ಗೀರಿರುವ ಪೈಪನ್ನು ಬಿಟ್ಟುಕೊಟ್ಟವರು ಎರಡು ಗಂಟೆಯ ಪರೀಕ್ಷೆಯಿಂದ ಐವತ್ತು ವರ್ಷದ ಪ್ರಶ್ನೆಗೆ ಉತ್ತರ ಪಡೆದಂತೆ ನಡೆದುಕೊಂಡಿದ್ದಾರೆ.

ಶೇ. 10 ಎಂಬ ಸಂಖ್ಯೆಯನ್ನು ಎಲ್ಲಿಯವರೆಗೆ ನಂಬಬಹುದು

ಗೋಡೆಯ ದಪ್ಪದ ಶೇ. 10ಕ್ಕಿಂತ ಆಳವಾದ ಗೀರಿದ್ದ ಭಾಗವನ್ನು ಕತ್ತರಿಸಿ ತೆಗೆಯಬೇಕೆಂಬುದು ನೀರು ಮತ್ತು ಅನಿಲದ ಪಾಲಿಎಥಿಲೀನ್ ಪೈಪುಗಳಿಗೆ ಹಲವು ದೇಶಗಳಲ್ಲಿ ರೂಢಿಯಲ್ಲಿರುವ ನಿಯಮ. ಇದು ಗಾಳಿಯಲ್ಲಿ ತೂರಿದ ಸಂಖ್ಯೆಯಲ್ಲ. ಐಎಸ್‌ಒ 13479 ಎಂಬ ಅಂತರರಾಷ್ಟ್ರೀಯ ಮಾನಕದ ಪರೀಕ್ಷೆಯಲ್ಲಿ ಪೈಪಿನ ಹೊರಮೈಯ ಮೇಲೆ ಉದ್ದುದ್ದಕ್ಕೆ ನಾಲ್ಕು ಮೊನಚು ಕಚ್ಚುಗಳನ್ನು ದಪ್ಪದ ಸುಮಾರು ಶೇ. 20ರಷ್ಟು ಆಳಕ್ಕೆ ಯಂತ್ರದಿಂದ ಕೊರೆದು, 80 ಡಿಗ್ರಿ ಬಿಸಿನೀರಿನಲ್ಲಿಟ್ಟು ಒತ್ತಡ ಕೊಡುತ್ತಾರೆ. ಪಿಇ 100ರ ಎಸ್‌ಡಿಆರ್ 11 ಪೈಪು 9.2 ಬಾರ್ ಒತ್ತಡದಲ್ಲಿ 500 ಗಂಟೆ ತಾಳಬೇಕು. ಶೇ. 20ರ ಕಚ್ಚಿನೊಂದಿಗೆ ಇಷ್ಟನ್ನು ತಾಳಿದ ಸರಕಿಗೆ ಸೈಟಿನಲ್ಲಿ ಅದರ ಅರ್ಧ ಆಳವನ್ನು ಬಿಟ್ಟುಕೊಡುವುದು ಸಮಂಜಸವೆಂದು ಕಾಣುತ್ತದೆ.

ಆದರೆ ಈ ಧೈರ್ಯವು ಪರೀಕ್ಷೆಯಲ್ಲಿ ತಾಳಿದ ಸರಕಿಗೆ ಮಾತ್ರ ಸಲ್ಲುತ್ತದೆ. ಆದ್ದರಿಂದ ಮಿತಿ ಬರೆಯುವ ಮೊದಲು ನೋಡಬೇಕಾದದ್ದು ಗೀರನ್ನಲ್ಲ, ಪೈಪಿನ ಮೇಲೆ ಅಚ್ಚಾಗಿರುವ ಸಾಲನ್ನು. ಪಾಲಿಎಥಿಲೀನಿನ ನೀರಿನ ಪೈಪಿಗೆ ಐಎಸ್ 4984, ಅನಿಲದ ಪೈಪಿಗೆ ಐಎಸ್ 14885, ಯುಪಿವಿಸಿ (ಗಡುಸು ಪಿವಿಸಿ) ನೀರಿನ ಪೈಪಿಗೆ ಐಎಸ್ 4985 ಎಂಬ ಭಾರತೀಯ ಮಾನಕದ ಗುರುತು, ದರ್ಜೆ, ವ್ಯಾಸ, ಒತ್ತಡದ ವರ್ಗ, ತಯಾರಾದ ಅವಧಿ ಅಲ್ಲಿ ಇರಬೇಕು. ದರ್ಜೆ ಪಿಇ 63 ಆಗಿದ್ದರೆ, ಅಥವಾ ಹಳೆಯ ಲೈನಿನಿಂದ ಕಿತ್ತು ಮತ್ತೆ ಬಳಸುವ ಪೈಪಾಗಿದ್ದರೆ, ಶೇ. 10ನ್ನು ಕಣ್ಣು ಮುಚ್ಚಿ ಅನ್ವಯಿಸಬೇಡಿ. ಅಂಥ ಕಡೆ ನಾನು ಶೇ. 5ರಲ್ಲಿ ನಿಲ್ಲಿಸುತ್ತೇನೆ. ಅಚ್ಚೇ ಇಲ್ಲದ ಪೈಪಿಗೆ ಗೀರಿನ ಮಿತಿಯ ಚರ್ಚೆಯೇ ಬೇಡ, ಅದನ್ನು ಪ್ರೆಷರ್ ಲೈನಿಗೆ ಇಳಿಸಬಾರದು.

ಶೇಕಡಾವನ್ನು ಮಿಲಿಮೀಟರಿಗೆ ಇಳಿಸುವುದು

“ದಪ್ಪದ ಶೇ. 10” ಎಂದಾಗ ಯಾವ ದಪ್ಪ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಕಾರ್ಖಾನೆಯಿಂದ ಬರುವ ಪೈಪು ಸಾಮಾನ್ಯವಾಗಿ ಕನಿಷ್ಠಕ್ಕಿಂತ ತುಸು ದಪ್ಪವಾಗಿಯೇ ಇರುತ್ತದೆ. ಅಳೆದಾಗ 7.1 ಮಿ.ಮೀ. ಸಿಕ್ಕಿತೆಂದು 0.71 ಮಿ.ಮೀ. ಗೀರನ್ನು ಒಪ್ಪಿದರೆ ಅದೇ ವರ್ಗದ ಪಕ್ಕದ ಪೈಪಿಗೆ ಬೇರೊಂದು ಮಿತಿ ಬರುತ್ತದೆ, ಸೈಟಿನಲ್ಲಿ ವಾದ ಶುರುವಾಗುತ್ತದೆ. ಮಾನಕದ ಪಟ್ಟಿಯಲ್ಲಿ ಕೊಟ್ಟಿರುವ ಕನಿಷ್ಠ ದಪ್ಪವನ್ನೇ ಆಧಾರವಾಗಿಟ್ಟುಕೊಂಡು, ಅದರ ಶೇ. 10ನ್ನು ತೆಗೆದು, ಬಂದ ಸಂಖ್ಯೆಯನ್ನು ಕೆಳಗಿನ ದಶಮಾಂಶಕ್ಕೆ ಇಳಿಸಿ ಬರೆಯುವುದು ಒಳ್ಳೆಯದು. ಮೇಲಕ್ಕೆ ಏರಿಸಬಾರದು.

ಐಎಸ್‌ಒ ಪಟ್ಟಿಯ ದಪ್ಪಗಳನ್ನು ಹಿಡಿದು ನೋಡಿದರೆ, 110 ಮಿ.ಮೀ. ಎಸ್‌ಡಿಆರ್ 17ಕ್ಕೆ 6.6 ಮಿ.ಮೀ. ದಪ್ಪ, ಮಿತಿ 0.6. ಅದೇ ವ್ಯಾಸದ ಎಸ್‌ಡಿಆರ್ 11ಕ್ಕೆ 10.0 ಮಿ.ಮೀ. ದಪ್ಪ, ಮಿತಿ 1.0. 63 ಮಿ.ಮೀ. ಎಸ್‌ಡಿಆರ್ 11ಕ್ಕೆ 5.8 ಮಿ.ಮೀ. ದಪ್ಪ, ಮಿತಿ 0.5. 32 ಮಿ.ಮೀ. ಎಸ್‌ಡಿಆರ್ 11ಕ್ಕೆ 3.0 ಮಿ.ಮೀ. ದಪ್ಪ, ಮಿತಿ 0.3. 315 ಮಿ.ಮೀ. ಎಸ್‌ಡಿಆರ್ 17ಕ್ಕೆ 18.7 ಮಿ.ಮೀ. ದಪ್ಪ, ಮಿತಿ 1.8. ನಿಮ್ಮ ಆರ್ಡರಿನಲ್ಲಿರುವ ಮಾನಕದ ಪಟ್ಟಿಯನ್ನೇ ತೆರೆದಿಟ್ಟುಕೊಂಡು ಇದೇ ಲೆಕ್ಕ ಮಾಡಿಕೊಳ್ಳಿ. ಒತ್ತಡದ ವರ್ಗ ಒಂದೇ ಇದ್ದರೂ ಯಾವ ತಾಪಮಾನಕ್ಕೆ ಲೆಕ್ಕ ಹಾಕಿದ್ದಾರೆ ಎಂಬುದರ ಮೇಲೆ ಒಂದು ಮಾನಕದ ದಪ್ಪ ಇನ್ನೊಂದರದ್ದಕ್ಕಿಂತ ಬೇರೆಯಾಗಬಹುದು.

ಸಣ್ಣ ಪೈಪಿನ 0.3 ಮಿ.ಮೀ. ಮಿತಿಯಲ್ಲಿ ಒಂದು ತೊಡಕಿದೆ. ಅದು ಉಗುರಿಗೆ ತಾಗುವಷ್ಟೇ ಆಳ. ಸೈಟಿನ ಸಾಧನಗಳ ತಪ್ಪು 0.1 ಮಿ.ಮೀ. ಇದ್ದರೆ ಮಿತಿಯ ಮೂರನೇ ಒಂದು ಭಾಗವೇ ಅನುಮಾನದಲ್ಲಿ ಬೀಳುತ್ತದೆ. ಹೀಗಾಗಿ 32 ಮಿ.ಮೀ. ಮತ್ತು ಅದಕ್ಕಿಂತ ಸಣ್ಣ ಸರ್ವಿಸ್ ಪೈಪುಗಳಿಗೆ ಅಳೆಯುವ ಗೊಡವೆಗೇ ಹೋಗದೆ, ಉಗುರು ಸಿಕ್ಕಿಕೊಳ್ಳುವ ಯಾವ ಗೀರನ್ನೂ ಒಪ್ಪುವುದಿಲ್ಲವೆಂದು ಬರೆದುಬಿಡುವುದು ಮೇಲು. ಕಾಯಿಲಿನಲ್ಲಿ ಬರುವ ಸಣ್ಣ ಪೈಪಿನ ಒಂದು ಅಡಿ ಕತ್ತರಿಸಿ ಹಾಕುವ ಖರ್ಚು, ಅದರ ಮೇಲೆ ಇಬ್ಬರು ಎಂಜಿನಿಯರುಗಳು ಅರ್ಧ ಗಂಟೆ ಬಗ್ಗಿ ನಿಲ್ಲುವ ಖರ್ಚಿಗಿಂತ ಕಡಿಮೆ.

ದೊಡ್ಡ ಪೈಪಿನಲ್ಲಿ ತೊಡಕು ತಿರುಗುಮುರುಗು. 315 ಮಿ.ಮೀ. ಎಸ್‌ಡಿಆರ್ 11ರ ಗೋಡೆ 28.6 ಮಿ.ಮೀ. ದಪ್ಪ, ಶೇ. 10 ಎಂದರೆ 2.8 ಮಿ.ಮೀ. ಕಚ್ಚಿನ ತುದಿಯಲ್ಲಿ ಬಿಗಿತ ಕೂಡಿಕೊಳ್ಳುವ ತೀವ್ರತೆಯು ದಪ್ಪದ ಶೇಕಡಾವಾರನ್ನು ಕೇಳುವುದಿಲ್ಲ. ಬಿಗಿತ ಒಂದೇ ಇದ್ದಾಗ ಅದು ಆಳದ ವರ್ಗಮೂಲದ ಜೊತೆ ಏರುತ್ತದೆ, ಅಂದರೆ ಆಳ ನಾಲ್ಕು ಪಟ್ಟಾದರೆ ತೀವ್ರತೆ ಎರಡು ಪಟ್ಟಾಗುತ್ತದೆ. ಆದ್ದರಿಂದ 0.6 ಮಿ.ಮೀ.ಗೆ ಸುರಕ್ಷಿತವೆನಿಸಿದ ಅದೇ ಶೇಕಡಾ 2.8 ಮಿ.ಮೀ.ಗೂ ಅಷ್ಟೇ ಸುರಕ್ಷಿತವೆಂದು ಹೇಳಲು ಬರುವುದಿಲ್ಲ. ನಾನು ದೊಡ್ಡ ವ್ಯಾಸದ ಪೈಪುಗಳಿಗೆ ಶೇ. 10 ಅಥವಾ 2 ಮಿ.ಮೀ., ಇವೆರಡರಲ್ಲಿ ಕಡಿಮೆಯದು ಎಂದು ಬರೆಯುತ್ತೇನೆ. 2 ಎಂಬುದು ಯಾವ ಮಾನಕದಿಂದಲೂ ತಂದದ್ದಲ್ಲ, ನನ್ನ ತೀರ್ಮಾನ. ಇದಕ್ಕಿಂತ ಬೇರೆ ಸಂಖ್ಯೆ ಬೇಕೆನ್ನುವವರು ಅದಕ್ಕೆ ತಕ್ಕ ಕಾರಣವನ್ನು ಬರೆದಿಟ್ಟರೆ ನನ್ನ ತಕರಾರಿಲ್ಲ.

ಆಳವೊಂದೇ ಸಾಲದು

ಒಳಗಿನ ಒತ್ತಡದಿಂದ ಬರುವ ಬಿಗಿತವು ಸುತ್ತಳತೆಯ ದಿಕ್ಕಿನಲ್ಲಿ ಎಷ್ಟಿರುತ್ತದೋ ಉದ್ದದ ದಿಕ್ಕಿನಲ್ಲಿ ಅದರ ಅರ್ಧ. ಹೀಗಾಗಿ ಪೈಪಿನ ಉದ್ದಕ್ಕೆ ಎಳೆದ ಗೀರನ್ನು ಬಾಯಿ ಬಿಡಿಸುವ ಬಲ, ಅಡ್ಡ ಬಿದ್ದ ಗೀರಿನ ಮೇಲಿನ ಬಲಕ್ಕಿಂತ ಎರಡು ಪಟ್ಟು. ಪೈಪನ್ನು ನೆಲದ ಮೇಲೆ ಎಳೆದಾಗ ಬೀಳುವುದು ಈ ಉದ್ದನೆಯ ಗೀರೇ ಎಂಬುದು ನಮ್ಮ ದುರದೃಷ್ಟ. ಹಾಗೆಂದು ಅಡ್ಡ ಗೀರಿಗೆ ರಿಯಾಯಿತಿ ಕೊಡುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಪೈಪನ್ನು ಬಾಗಿಸಿ ಹಾಕಿದ ಕಡೆ, ಇಳಿಜಾರಿನಲ್ಲಿ, ಅಥವಾ ರಂಧ್ರದೊಳಗೆ ಎಳೆದ ಕಡೆ ಉದ್ದದ ದಿಕ್ಕಿನ ಎಳೆತ ಜೋರಾಗಿ ಅಡ್ಡ ಗೀರೇ ಕೆಟ್ಟದ್ದಾಗುತ್ತದೆ. ಬಾಗಿದ ಪೈಪಿನ ಹೊರಬಾಗಿನ ಮೈಮೇಲೆ ಅಡ್ಡ ಗೀರು ಬಾರದಂತೆ ಪೈಪನ್ನು ತಿರುಗಿಸಿ ಕೂರಿಸಲು ಸಾಧ್ಯವಿದ್ದರೆ ಹಾಗೆ ಮಾಡಿ.

ಆಕಾರದ ಮಾತು ಬೇರೆ. ಹಗ್ಗದ ಉಜ್ಜಾಟದಿಂದ ಆದ ಅಗಲವಾದ ತರಚಿಗೂ, ಚೂಪು ಕಲ್ಲು ಎಳೆದ ವಿ ಆಕಾರದ ಕಚ್ಚಿಗೂ ಆಳ ಒಂದೇ ಇದ್ದರೂ ಕೇಡು ಒಂದೇ ಅಲ್ಲ. ಬುಡ ಗುಂಡಗಿರುವ ತರಚನ್ನು ಮಿತಿಯವರೆಗೆ ಹಾಗೇ ಬಿಡಬಹುದು. ಮಿತಿಯ ಒಳಗಿರುವ ಮೊನಚು ಕಚ್ಚನ್ನು ಪೈಪ್ ಸ್ಕ್ರೇಪರಿನಿಂದ ಉದ್ದಕ್ಕೆ ಹೆರೆದು ಬುಡವನ್ನು ಬಿಡಿಸಿದರೆ ತೀವ್ರತೆ ತಗ್ಗುತ್ತದೆ. ಆದರೆ ಹೆರೆದ ಮೇಲೆ ಉಳಿಯುವ ದಪ್ಪವನ್ನು ಮತ್ತೆ ಅಳೆಯಲೇಬೇಕು, ಮತ್ತು ಮಿತಿ ಮೀರಿದ ಕಚ್ಚನ್ನು ಹೆರೆದು ಮಿತಿಯೊಳಗಿನದೆಂದು ತೋರಿಸುವ ದಾರಿಯಾಗಿ ಇದನ್ನು ಬಳಸಬಾರದು. ಕಚ್ಚಿನೊಳಗೆ ಬಿಸಿ ಗಾಳಿಯ ಗನ್ನಿನಿಂದ ಪ್ಲಾಸ್ಟಿಕ್ ಕರಗಿಸಿ ತುಂಬುವುದು, ಎಂ-ಸೀಲ್ ಮೆತ್ತುವುದು, ಟೇಪ್ ಸುತ್ತುವುದು ಪ್ರೆಷರ್ ಪೈಪಿಗೆ ರಿಪೇರಿಯಲ್ಲ, ಗುರುತು ಮರೆಸುವ ಉಪಾಯ. ಇದನ್ನು ಮಿತಿಯ ಪತ್ರದಲ್ಲಿ ಹೆಸರಿಟ್ಟೇ ನಿಷೇಧಿಸಿ.

ಇನ್ನು ಪೈಪಿನ ಮೇಲೆ ಗೀರು ಬಿದ್ದಿರುವ ಜಾಗ. ವಿದ್ಯುತ್ತಿನ ಬಿಸಿಯಿಂದ ಪೈಪಿಗೆ ಬೆಸೆದುಕೊಳ್ಳುವ ಎಲೆಕ್ಟ್ರೋಫ್ಯೂಷನ್ ಕಪ್ಲರ್ ಕೂರುವ ತುದಿಯಲ್ಲಿ ಹಳೆಯ ಪದರವನ್ನು ಸುಮಾರು 0.2ರಿಂದ 0.3 ಮಿ.ಮೀ. ಹೆರೆದ ಮೇಲೂ ಕಾಣುವ ಉದ್ದನೆಯ ಗೀರು ಉಳಿದರೆ, ಬೆಸುಗೆಯ ಅಡಿಯಲ್ಲಿ ಅದು ನೀರಿಗೆ ಕಾಲುವೆಯಾಗಬಹುದು. ಅಲ್ಲಿ ಗೋಡೆಯ ದಪ್ಪದ ಶೇ. 10 ಎಂಬ ಮಾತಿಗೇ ಅರ್ಥವಿಲ್ಲ. ಹೆರೆದ ಮೇಲೆ ಗೀರು ಉಳಿಯಬಾರದು, ಉಳಿದರೆ ತುದಿಯನ್ನು ಕತ್ತರಿಸಿ ಹಿಂದಕ್ಕೆ ಹೋಗಬೇಕು. ರಬ್ಬರ್ ರಿಂಗಿನ ಜಾಯಿಂಟ್ ಇರುವ ಯುಪಿವಿಸಿ ಪೈಪಿನ ತೂರುವ ತುದಿಗೂ ಇದೇ ಮಾತು, ಏಕೆಂದರೆ ರಿಂಗು ಮುಟ್ಟುವ ಪಟ್ಟಿಯಲ್ಲಿ ಉದ್ದನೆಯ ಗೀರಿದ್ದರೆ ಪೈಪು ಒಡೆಯದಿದ್ದರೂ ಜಾಯಿಂಟು ಸೋರುತ್ತದೆ. ಅನಿಲದ ಲೈನಿನಲ್ಲಿ ಮುಂದೆ ಪೈಪನ್ನು ಹಿಸುಕಿ ಹರಿವು ನಿಲ್ಲಿಸಬೇಕಾಗಬಹುದಾದ ಜಾಗಗಳನ್ನೂ ಗೀರಿನಿಂದ ಮುಕ್ತವಾಗಿಡುವುದು ಜಾಣತನ.

ಯುಪಿವಿಸಿಗೆ ಬೇರೆ ಕಣ್ಣು

ಎಚ್‌ಡಿಪಿಇಗೆ ಬರೆದ ಮಿತಿಯನ್ನು ಯುಪಿವಿಸಿಗೆ ನಕಲು ಮಾಡುವುದು ನಾನು ಕಂಡ ಸಾಮಾನ್ಯ ತಪ್ಪು. ಯುಪಿವಿಸಿಗೆ ಬಿಗಿತ ತಡೆಯುವ ಬಲ ಹೆಚ್ಚು, ಆದರೆ ಕಚ್ಚನ್ನು ಸಹಿಸುವ ಗುಣ ಕಡಿಮೆ. ಅಲ್ಲಿ ನಿಧಾನ ಬಿರುಕಿಗಿಂತ ಏರಿಳಿಯುವ ಒತ್ತಡದಿಂದ ಬರುವ ದಣಿವು ದೊಡ್ಡ ಶತ್ರು. ದಿನಕ್ಕೆ 20 ಸಲ ಶುರುವಾಗಿ ನಿಲ್ಲುವ ಪಂಪಿನ ಲೈನು ವರ್ಷಕ್ಕೆ 7,300 ಸಲ ಒತ್ತಡದ ಏರಿಳಿತ ಕಾಣುತ್ತದೆ. ಗೊತ್ತಾದ ಹೊತ್ತಿನಲ್ಲಷ್ಟೇ ನೀರು ಬಿಡುವ ನಮ್ಮ ಊರುಗಳ ಹಂಚಿಕೆಯ ಲೈನೂ ದಿನಾ ತುಂಬಿ ಬರಿದಾಗುತ್ತದೆ. ಆದ್ದರಿಂದ ಸದಾ ತುಂಬಿದ, ಒತ್ತಡ ಹೆಚ್ಚು ಏರಿಳಿಯದ ಯುಪಿವಿಸಿ ಲೈನಿಗೆ ಶೇ. 10ನ್ನು ಮೇಲಿನ ಗಡಿಯಾಗಿ ಇಟ್ಟುಕೊಂಡು, ಪಂಪಿನ ಲೈನಿಗೆ ಮೊನಚು ಕಚ್ಚು ಕಂಡರೆ ಆಳ ಎಷ್ಟೇ ಇರಲಿ ಕತ್ತರಿಸಿ ಎಂದು ಬರೆಯುವುದನ್ನು ನಾನು ರೂಢಿಸಿಕೊಂಡಿದ್ದೇನೆ.

ಯುಪಿವಿಸಿಯಲ್ಲಿ ಹೊರಗೆ ಕಾಣುವ ಗೀರಿಗಿಂತ ಪೆಟ್ಟಿನ ಗುರುತು ಮೋಸಗಾರ. ಲಾರಿಯಿಂದ ಪೈಪು ಉರುಳಿ ಕಲ್ಲಿಗೆ ಬಡಿದಾಗ ಹೊರಮೈಯಲ್ಲಿ ಸಣ್ಣ ಬಿಳಿ ಚುಕ್ಕೆಯಷ್ಟೇ ಉಳಿದು, ಒಳಮೈಯಲ್ಲಿ ನಕ್ಷತ್ರದಂತೆ ಸೀಳು ಹರಡಿರಬಹುದು. ಚಳಿಗಾಲದ ಪುಣೆಯ ಬೆಳಗಿನ ಚಳಿಯಲ್ಲಿ ಸರಕು ಇನ್ನಷ್ಟು ಬಿರುಸಾಗಿರುತ್ತದೆ. ಪೆಟ್ಟಿನ ಗುರುತು ಕಂಡಲ್ಲೆಲ್ಲ ತುದಿಯಿಂದ ಟಾರ್ಚ್ ಬಿಟ್ಟು ಒಳಗೆ ನೋಡಬೇಕು, ಕೈ ತಲುಪುವಲ್ಲಿ ಒಳಮೈ ಸವರಬೇಕು. ಒಳಗೆ ಸೀಳಿದ್ದರೆ ಅದಕ್ಕೆ ಮಿತಿಯೆಂಬುದಿಲ್ಲ.

ಅಳೆಯುವ ವಿಧಾನ

ವರ್ನಿಯರ್ ಕ್ಯಾಲಿಪರಿನ ಹಿಂದಿನ ಆಳ ಅಳೆಯುವ ಕಡ್ಡಿ ಈ ಕೆಲಸಕ್ಕೆ ಬಾರದು. ಅದರ ತುದಿ ಮೊಂಡಾಗಿರುವುದರಿಂದ ಕಿರಿದಾದ ಕಚ್ಚಿನ ಬುಡವನ್ನು ಮುಟ್ಟದೆ, ಇರುವುದಕ್ಕಿಂತ ಕಡಿಮೆ ಆಳ ತೋರಿಸುತ್ತದೆ. ಸೂಜಿಯಂಥ ಮೊನೆಯಿರುವ ಡಯಲ್ ಡೆಪ್ತ್ ಗೇಜ್ ತರಿಸಿಕೊಳ್ಳಿ. ಅದರ ತಳ ಪೈಪಿನ ಉದ್ದಕ್ಕೆ ಕೂರಬೇಕು. ಅಡ್ಡಲಾಗಿಟ್ಟರೆ ಮೈಯ ಬಾಗು ಲೆಕ್ಕವನ್ನು ಕೆಡಿಸುತ್ತದೆ. ಮೊದಲು ಗೀರಿನ ಪಕ್ಕದ ನುಣ್ಣನೆಯ ಜಾಗದಲ್ಲಿ, ಇಡುವ ದಿಕ್ಕನ್ನು ಬದಲಿಸದೆ, ಸೊನ್ನೆ ಮಾಡಿಕೊಂಡು ಆಮೇಲೆ ಗೀರಿನ ಮೇಲೆ ತನ್ನಿ. ಗೀರು ಬಿದ್ದಾಗ ಎರಡೂ ಅಂಚಿನಲ್ಲಿ ಪ್ಲಾಸ್ಟಿಕ್ ಉಬ್ಬಿ ಎದ್ದಿರುತ್ತದೆ. ಅದನ್ನು ಬ್ಲೇಡಿನಿಂದ ಮೈಮಟ್ಟಕ್ಕೆ ಸವರದೆ ಅಳೆದರೆ ಇರುವುದಕ್ಕಿಂತ ಹೆಚ್ಚು ಆಳ ಬರುತ್ತದೆ, ಕಂಟ್ರಾಕ್ಟರ್ ಆಕ್ಷೇಪಿಸುವುದು ನ್ಯಾಯವೇ ಆಗುತ್ತದೆ. ಒಂದೇ ಗೀರಿನ ಮೇಲೆ ಕನಿಷ್ಠ ಮೂರು ಕಡೆ ಅಳೆದು ಹೆಚ್ಚಿನದನ್ನು ಬರೆದುಕೊಳ್ಳಿ. ಸರಾಸರಿ ತೆಗೆಯಬೇಡಿ, ಬಿರುಕು ಹುಟ್ಟುವುದು ಅತಿ ಆಳದ ಬಿಂದುವಿನಲ್ಲಿ.

ಗೋಡೆಯ ದಪ್ಪವನ್ನು ಕತ್ತರಿಸಿದ ತುದಿಯಲ್ಲಿ ಮೈಕ್ರೋಮೀಟರಿನಿಂದ ಅಳೆಯುವುದು ಎಲ್ಲಕ್ಕಿಂತ ನೇರ. ತುದಿ ಸಿಗದ ಕಡೆ ಅಲ್ಟ್ರಾಸಾನಿಕ್ ಗೇಜ್ ಬಳಸಬಹುದು, ಆದರೆ ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು 5,900 ಮೀಟರ್ ಓಡುವ ಧ್ವನಿ ಪಾಲಿಎಥಿಲೀನಿನಲ್ಲಿ ಸುಮಾರು 2,300 ಮೀಟರ್ ಮಾತ್ರ ಓಡುತ್ತದೆ, ಬಿಸಿಯಾದಂತೆ ಇನ್ನೂ ನಿಧಾನವಾಗುತ್ತದೆ. ಅದೇ ದರ್ಜೆಯ, ಅದೇ ಬಿಸಿಲಿನಲ್ಲಿ ಬಿದ್ದಿರುವ, ದಪ್ಪ ಗೊತ್ತಿರುವ ಪೈಪಿನ ತುಂಡಿನ ಮೇಲೆ ಗೇಜನ್ನು ಹೊಂದಿಸಿಕೊಳ್ಳದಿದ್ದರೆ ಅದು ತೋರಿಸುವ ಸಂಖ್ಯೆ ನಂಬಲರ್ಹವಲ್ಲ. ಹೊರಗೆ ಸುಲಿಯಬಹುದಾದ ಕವಚವಿರುವ ಪೈಪಾದರೆ ಕವಚದ ದಪ್ಪವನ್ನು ಗೋಡೆಯ ಲೆಕ್ಕಕ್ಕೆ ಸೇರಿಸಬಾರದು. ಕವಚ ಹರಿದಲ್ಲಿ ಅದನ್ನು ಸುಲಿದು, ಒಳಗಿನ ಪೈಪಿನ ಮೈಗೆ ಗೀರು ಮುಟ್ಟಿದೆಯೇ ಎಂದು ನೋಡಬೇಕು.

ಯಾವ ಹಂತದಲ್ಲಿ ನೋಡಬೇಕು

ಮಿತಿ ಎಷ್ಟೇ ಚೆನ್ನಾಗಿದ್ದರೂ ತಪ್ಪು ಹೊತ್ತಿನಲ್ಲಿ ನೋಡಿದರೆ ಪ್ರಯೋಜನವಿಲ್ಲ. ಲಾರಿ ಇಳಿಸುವಾಗ, ಬೆಸುಗೆಗೆ ಮುನ್ನ, ಮತ್ತು ಟ್ರೆಂಚಿಗೆ ಇಳಿಸುವ ಮೊದಲು, ಹೀಗೆ ಮೂರು ಸಲ ನೋಡುವುದು ಕನಿಷ್ಠ. ಮೊದಲನೆಯದರಲ್ಲಿ ಸಿಕ್ಕಿದ್ದು ಸರಬರಾಜುದಾರರ ಅಥವಾ ಸಾಗಣೆಯವರ ಹೊಣೆ, ನಂತರದ್ದು ಹಾಕುವವರ ಹೊಣೆ. ಮೊದಲ ಸಲ ಕಂಡ ಗೀರುಗಳಿಗೆ ಬಣ್ಣದ ಮಾರ್ಕರಿನಿಂದ ಸುತ್ತು ಹಾಕಿ ತಾರೀಖು ಬರೆದಿಟ್ಟರೆ ಮುಂದಿನ ಅರ್ಧ ಜಗಳ ತಪ್ಪುತ್ತದೆ.

ನಮ್ಮ ಕಡೆಯ ನೆಲವೇ ಪೈಪಿಗೆ ಹಗೆ. ಪುಣೆ, ಮುಂಬೈಗಳ ಅಡಿಯಲ್ಲಿರುವುದು ದಖನ್ನಿನ ಕಪ್ಪು ಬಸಾಲ್ಟ್. ಬ್ರೇಕರ್ ಹೊಡೆದು ತೆಗೆದ ಅದರ ಚೂರುಗಳ ಅಂಚು ಗಾಜಿನಂತೆ ಹರಿತ. ಗೋವೆಯ ಮುರಕಲ್ಲು ಮೆತ್ತಗೆಂದು ಜನ ಉದಾಸೀನ ಮಾಡುತ್ತಾರೆ, ಆದರೆ ಅದರಲ್ಲಿ ಹುದುಗಿರುವ ಕಬ್ಬಿಣದಂಶದ ಗಟ್ಟಿ ಗಂಟುಗಳು ಪೈಪನ್ನು ಎಳೆದಾಗ ಸಾಲು ಸಾಲು ಗೀರೆಬ್ಬಿಸುತ್ತವೆ. ಮುಂಬೈಯ ಹಳೆಯ ರಸ್ತೆಗಳನ್ನು ಅಗೆದರೆ ಇಟ್ಟಿಗೆ, ಟೈಲ್ಸ್, ಗಾಜಿನ ಚೂರುಗಳೂ ಮೇಲೆ ಬರುತ್ತವೆ. ಪೈಪಿನ ಕೆಳಗೂ ಮೇಲೂ ಮರಳಿನ ಅಥವಾ ಜರಡಿ ಹಿಡಿದ ಮುರುಮಿನ (ಗರಸು ಮಣ್ಣಿನ) ಹಾಸು ಹಾಕದೆ, ಅಗೆದ ಕಲ್ಲನ್ನೇ ಮೇಲೆ ತಳ್ಳಿದರೆ, ನೀವು ಅಳೆದು ಒಪ್ಪಿದ ಗೀರಿನ ಪಕ್ಕದಲ್ಲೇ ಯಾರೂ ಅಳೆಯದ ಹೊಸ ಗೀರು ಬೀಳುತ್ತದೆ. ಅಷ್ಟೇ ಅಲ್ಲ, ಒಂದೇ ಬಿಂದುವಿನಲ್ಲಿ ಒತ್ತುವ ಕಲ್ಲು ಒಳಮೈಯಲ್ಲಿ ಎಳೆತ ಹುಟ್ಟಿಸುವುದರಿಂದ ಬಿರುಕು ಒಳಗಿನಿಂದಲೇ ಶುರುವಾಗಬಹುದು. ಹಾಸಿನ ಖಾತರಿಯಿಲ್ಲದ ಕಡೆ ಗೀರಿನ ಮಿತಿಯನ್ನು ಬಿಗಿ ಮಾಡಿ ಕೂರುವ ಬದಲು, ಬಿರುಕಿಗೆ ಹೆಚ್ಚು ತಾಳುವ ಪಿಇ 100-ಆರ್‌ಸಿ ದರ್ಜೆಯನ್ನು ಆರಿಸುವುದು ಸರಿಯಾದ ದಾರಿ. ಮರಳಿನ ಹಾಸಿಲ್ಲದ ಕೆಲಸಕ್ಕೆಂದೇ ಜರ್ಮನಿಯಲ್ಲಿ 2009ರಲ್ಲಿ ಪಿಎಎಸ್ 1075 ಎಂಬ ನಿರ್ದೇಶನ ಹೊರಬಂದದ್ದು ಇಂಥ ಪೈಪುಗಳಿಗಾಗಿ.

ರಸ್ತೆ ಅಗೆಯದೆ, ನೆಲದಡಿ ಅಡ್ಡಲಾಗಿ ರಂಧ್ರ ಕೊರೆಯುವ ಎಚ್‌ಡಿಡಿ ಯಂತ್ರದಿಂದ ಪೈಪ್ ಎಳೆಯುವ ಕೆಲಸ ಇವೆಲ್ಲಕ್ಕಿಂತ ಬೇರೆ, ಏಕೆಂದರೆ ಒಳಗೆ ಹೋದ ಪೈಪಿನ ಮೈಯನ್ನು ಆಮೇಲೆ ಯಾರೂ ನೋಡಲಾರರು. ಮುಂದಿನ ತುದಿಯೇ ರಂಧ್ರದ ಪೂರ್ತಿ ಉದ್ದವನ್ನು ಉಜ್ಜಿಕೊಂಡು ಬಂದಿರುವುದರಿಂದ ಸಾಮಾನ್ಯವಾಗಿ ಹೆಚ್ಚು ಗೀರು ಅದರ ಮೇಲೆಯೇ ಇರುತ್ತದೆ. ಪೈಪನ್ನು ಹೊರಗಿನ ಗುಂಡಿಯಾಚೆಗೆ ಕೆಲವು ಮೀಟರ್ ಹೆಚ್ಚಾಗಿ ಎಳೆದು, ತೊಳೆದು, ಆ ಭಾಗವನ್ನು ಸುತ್ತಲೂ ಅಳೆಯಿರಿ. ಅಲ್ಲಿ ಮಿತಿ ಮೀರಿದ್ದರೆ ಒಳಗಿನ ಪೈಪೂ ಹಾಗೆಯೇ ಇದೆಯೆಂದು ಭಾವಿಸಬೇಕಾಗುತ್ತದೆ. ಆಗ ರಂಧ್ರವನ್ನು ಮತ್ತೆ ಹಿಗ್ಗಿಸಿ ಹೊಸ ಪೈಪ್ ಎಳೆಯುವುದೋ, ಆ ಲೈನಿನ ಒತ್ತಡವನ್ನು ಇಳಿಸುವುದೋ, ಖರ್ಚು ಯಾರದೋ ಎಂಬುದನ್ನು ಎಳೆಯುವ ಮುನ್ನವೇ ಬರೆದುಕೊಂಡಿರಬೇಕು. ರಾತ್ರಿ ಎರಡು ಗಂಟೆಗೆ ರಸ್ತೆ ಬಿಟ್ಟುಕೊಡುವ ಗಡುವು ತಲೆಯ ಮೇಲಿದ್ದಾಗ ಮಾಡಿದ ತೀರ್ಮಾನಗಳು ಎಂದೂ ಪೈಪಿನ ಪರವಾಗಿರುವುದಿಲ್ಲ.

ಅನಿಲದ ಹಳದಿ, ಕಿತ್ತಳೆ ಪೈಪುಗಳ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿ ಮಿತಿ ಗೊತ್ತುಪಡಿಸುವ ಸ್ವಾತಂತ್ರ್ಯ ನಿಮಗಿಲ್ಲ. ನಗರ ಅನಿಲ ಜಾಲಗಳು ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯ 2008ರ ತಾಂತ್ರಿಕ ಮತ್ತು ಸುರಕ್ಷತಾ ನಿಯಮಗಳಿಗೂ ಆಯಾ ಕಂಪನಿಯ ಕೈಪಿಡಿಗೂ ಒಳಪಟ್ಟಿವೆ. ನಿಮ್ಮ ಪತ್ರ ಅವುಗಳಿಗಿಂತ ಬಿಗಿಯಾಗಿರಬಹುದೇ ಹೊರತು ಸಡಿಲವಾಗಿರಕೂಡದು. ಜೊತೆಗೆ ಆ ಬಣ್ಣದ ಪೈಪುಗಳಲ್ಲಿ, ಕಪ್ಪು ಪೈಪಿನಲ್ಲಿರುವಂತೆ ಶೇ. 2.5ರ ಆಸುಪಾಸಿನ ಕಾರ್ಬನ್ ಬ್ಲ್ಯಾಕ್ ರಕ್ಷಣೆ ಇರುವುದಿಲ್ಲ. ಆದ್ದರಿಂದ ಬಿಸಿಲಿನಲ್ಲಿ ಎಷ್ಟು ದಿನ ಬಿದ್ದಿತ್ತು ಎಂಬ ದಾಖಲೆಯೂ ಗೀರಿನ ದಾಖಲೆಯಷ್ಟೇ ಮುಖ್ಯ.

ಪತ್ರದಲ್ಲಿ ಬರೆಯುವ ಮಾತು

ಕೊನೆಗೆ ಇದೆಲ್ಲ ಒಂದು ಹಾಳೆಗೆ ಇಳಿಯಬೇಕು. ನಾನು ಬಳಸುವ ಒಕ್ಕಣೆ ಹೆಚ್ಚುಕಡಿಮೆ ಹೀಗಿರುತ್ತದೆ: “110 ಮಿ.ಮೀ. ಎಸ್‌ಡಿಆರ್ 17 ಪಿಇ 100 ಪೈಪಿನ ಹೊರಮೈಯಲ್ಲಿ 0.6 ಮಿ.ಮೀ.ವರೆಗಿನ ಗೀರನ್ನು ಒಪ್ಪಲಾಗುವುದು. ಮೊನಚು ಬುಡವಿದ್ದರೆ ಸ್ಕ್ರೇಪರಿನಿಂದ ಬಿಡಿಸಿ ಉಳಿದ ದಪ್ಪವನ್ನು ದಾಖಲಿಸತಕ್ಕದ್ದು. 0.6 ಮಿ.ಮೀ. ಮೀರಿದ ಭಾಗವನ್ನು ಗೀರಿನ ಎರಡೂ ಕಡೆ ಕನಿಷ್ಠ ಒಂದು ಪೈಪ್ ವ್ಯಾಸದಷ್ಟು ಸೇರಿಸಿ ಕತ್ತರಿಸಿ ತೆಗೆಯತಕ್ಕದ್ದು. ಬೆಸುಗೆಯ ತುದಿಯಲ್ಲಿ ಹೆರೆದ ನಂತರ ಯಾವ ಗೀರೂ ಉಳಿಯತಕ್ಕದ್ದಲ್ಲ. ತುಂಬುವುದು, ಮೆತ್ತುವುದು, ಸುತ್ತುವುದು ನಿಷಿದ್ಧ.” ಒಂದು ವ್ಯಾಸದಷ್ಟು ಸೇರಿಸಿ ಎಂಬುದು ನನ್ನ ಸೇರ್ಪಡೆ. ಕಣ್ಣಿಗೆ ಕಾಣುವ ಗೀರಿನಾಚೆಗೂ ಪೆಟ್ಟು ಹರಡಿರಬಹುದೆಂಬ ಮುನ್ನೆಚ್ಚರಿಕೆ ಅದು. ತೀರ್ಮಾನ ಹೇಳುವ ಅಧಿಕಾರ ಯಾರಿಗೆ ಎಂಬುದನ್ನೂ ಹುದ್ದೆಯ ಹೆಸರಿನಿಂದ ಬರೆಯಿರಿ. ಅಳೆಯುವವರೇ ಪೈಪಿನ ಬಿಲ್ ಕಟ್ಟುವವರಾಗಿರಬಾರದು. ಕತ್ತರಿಸಿದ ಉದ್ದಕ್ಕೆ ಹೆಚ್ಚುವರಿ ಜಾಯಿಂಟಿನ ಖರ್ಚನ್ನೂ ಅಂದಾಜಿನಲ್ಲಿ ಮೊದಲೇ ಸೇರಿಸಿಡಿ. ಇಲ್ಲದಿದ್ದರೆ ಮಿತಿ ಮೀರಿದ ಗೀರು ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಹಾಳೆಯ ಜೊತೆ ಇನ್ನೊಂದು ವಸ್ತು ಬೇಕು. ಅದೇ ಪೈಪಿನ ಒಂದಡಿ ತುಂಡಿನ ಮೇಲೆ 0.3, 0.6 ಮತ್ತು 1.0 ಮಿ.ಮೀ. ಆಳದ ಮೂರು ಗೀರುಗಳನ್ನು ಎಳೆದು, ಗೇಜಿನಿಂದ ಅಳೆದು, ಪಕ್ಕದಲ್ಲಿ ಬಣ್ಣದಿಂದ ಸಂಖ್ಯೆ ಬರೆದು ಸೈಟ್ ಆಫೀಸಿನ ಬಾಗಿಲಲ್ಲಿ ನೇತುಹಾಕಿ. ನಮ್ಮ ಸೈಟಿನಲ್ಲಿ ಹಾಗೆ ನೇತುಹಾಕಿದ ತುಂಡನ್ನು ಮುಕಾದಮರು ಮೊದಲ ವಾರ ದಿನಾ ಬೆಳಿಗ್ಗೆ ತಂಡದವರ ಕೈಗೆ ಕೊಟ್ಟು, ಕಣ್ಣು ಮುಚ್ಚಿ ಉಗುರಿನಿಂದ ಸವರಿ ಯಾವುದು ಎಷ್ಟೆಂದು ಹೇಳಿಸುತ್ತಿದ್ದರು. ಆಮೇಲೆ ಗೇಜು ಬೇಕಾದದ್ದು 0.6ರ ಆಸುಪಾಸಿನ ಗೀರುಗಳಿಗೆ ಮಾತ್ರ. ಉಳಿದವನ್ನು ಹುಡುಗರೇ ಬೇರ್ಪಡಿಸಿ, ಮಿತಿ ಮೀರಿದವುಗಳ ಮೇಲೆ ಕೆಂಪು ಸುತ್ತು ಎಳೆದು ಪಕ್ಕಕ್ಕಿಡುತ್ತಿದ್ದರು.